ಹೊಯ್ ಆನ್‌ಗೆ ಒಂದು ದಿನ ಸಾಕಾ?

ವಿಯೆಟ್ನಾಂನ ಡಾ ನಾಂಗ್‌ನಿಂದ ಬಂದು ಒಂದೇ ದಿನದಲ್ಲಿ ಹೊಯ್ ಆನ್, ಮಿ ಸೋನ್ ಎರಡೂ ಮುಗಿಸಬಹುದಾ ಅಂತ ಕೇಳಿದ್ದೀರಿ. ಮುಗಿಸಬಹುದು, ಆದರೆ ಓಡಾಟ ಜಾಸ್ತಿ. ನನ್ನ ಕೇಳಿದರೆ ಮಿ ಸೋನ್ ಬಿಡಿ. ಅಲ್ಲಿರುವ ಚಾಮ್ ರಾಜರ ಶಿವ ದೇಗುಲಗಳಿಗೆ ಬೇರೆಯೇ ಒಂದು ಬೆಳಗ್ಗೆ ಬೇಕು.

ಹೊಯ್ ಆನ್ ಡಾ ನಾಂಗ್‌ನಿಂದ ಸುಮಾರು 30 ಕಿ.ಮೀ. ಎಂಟು ಗಂಟೆಯೊಳಗೆ ತಲುಪಿ, ಆಮೇಲೆ ಬಿಸಿಲೂ ಜನರೂ ಏರುತ್ತಾರೆ. ಮೊದಲು ಜಪಾನಿ ಸೇತುವೆ ನೋಡಿ. 20,000 ಡಾಂಗ್ ನೋಟಿನ ಮೇಲಿರುವುದು ಅದೇ! ದುರಸ್ತಿ ಮುಗಿದು 2024ರಲ್ಲಿ ಮತ್ತೆ ತೆರೆದಿದೆ. ಆಮೇಲೆ ತಾನ್ ಕಿ ಅನ್ನುವ ಹಳೆಯ ವ್ಯಾಪಾರಿ ಮನೆ. ಥು ಬೋನ್ ನದಿಯ ನೆರೆ ಯಾವ ವರ್ಷ ಎಷ್ಟು ಎತ್ತರ ಬಂದಿತ್ತು ಅಂತ ಅದರ ಗೋಡೆಯ ಮೇಲೆ ಗುರುತು ಹಾಕಿದ್ದಾರೆ. ನನಗೆ ಇಡೀ ಊರಲ್ಲಿ ಹೆಚ್ಚು ಹಿಡಿಸಿದ್ದು ಆ ಗೋಡೆಯೇ. ಅಕ್ಟೋಬರ್, ನವೆಂಬರ್‌ನಲ್ಲಿ ಈಗಲೂ ಬೀದಿಗೆ ನೀರು ಬರುತ್ತದೆ, ದಿನಾಂಕ ನೋಡಿಕೊಳ್ಳಿ.

ಸಸ್ಯಾಹಾರಿ ಅಂದಿದ್ದೀರಿ, ಅಲ್ವಾ? ‘ಚಾಯ್’ (Chay, ಅಂದರೆ ಸಸ್ಯಾಹಾರ) ಅಂತ ಬೋರ್ಡ್ ಇರುವ ಹೋಟೆಲ್ ಹುಡುಕಿ. ಕಾವ್ ಲಾವ್ ನೂಡಲ್ಸ್‌ಗೆ ಸಾಮಾನ್ಯವಾಗಿ ಹಂದಿಮಾಂಸ ಹಾಕುತ್ತಾರೆ, ಕೇಳಿಯೇ ತಿನ್ನಿ.

ಮಧ್ಯಾಹ್ನ ಸುಮ್ನೆ ಎಲ್ಲಾದರೂ ಕಾಫಿ ಕುಡಿಯುತ್ತಾ ಕೂತುಬಿಡಿ. ದೀಪ ಹಚ್ಚುವವರೆಗೆ ಮಾತ್ರ ವಾಪಸ್ ಟ್ಯಾಕ್ಸಿ ಹತ್ತಬೇಡಿ.