ಸಂಪಾದಕರ ಉತ್ತರ: ತಪ್ಪೆಲ್ಲ ಕವಡೆಯದು

ದಾವಣಗೆರೆಯ ವಿದ್ಯಾನಗರದ ಓದುಗರೊಬ್ಬರು ದೀಪಾವಳಿಯ ಮರುವಾರ ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗ ಹಬ್ಬಕ್ಕೆ ಬರುವಾಗ ‘ಕಟಾನ್’ ಮತ್ತು ‘ಟಿಕೆಟ್ ಟು ರೈಡ್’ ಎಂಬ ಎರಡು ಆಟದ ಪೆಟ್ಟಿಗೆಗಳನ್ನು ತಂದನಂತೆ. ಎರಡು ದಿನ ಮನೆಮಂದಿಯೆಲ್ಲ ಅವುಗಳನ್ನು ಆಡಿದರು. ಮೂರನೆಯ ರಾತ್ರಿ ಎಪ್ಪತ್ನಾಲ್ಕರ ಅತ್ತೆಯವರು “ಇದು ಆಟ ಅಲ್ಲ, ಸಂತಿ ವ್ಯಾಪಾರ” ಎಂದು ಎದ್ದುಹೋಗಿ, ಸೀಮೆಸುಣ್ಣ ತಂದು ಪಡಸಾಲೆಯ ನೆಲದ ಮೇಲೆ, ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರದ ಮನೆ ಬರೆದರು. ಆಟ ಮುಗಿದಾಗ ರಾತ್ರಿ ಎರಡು ಗಂಟೆ. ಬೆಳಿಗ್ಗೆ ಮಗ, ಚೌಕಾಬಾರ ಬರೀ ಅದೃಷ್ಟದ ಆಟವೆಂದೂ ಮನೆಗೊಂದು ನಿಯಮವಿರುವ ಆಟ ಆಟವೇ ಅಲ್ಲವೆಂದೂ ನಮ್ಮವರು ಆಟಗಳನ್ನು ಗಂಭೀರವಾಗಿ ಯೋಚಿಸಲೇ ಇಲ್ಲವೆಂದೂ ವಾದಿಸಿದನಂತೆ. ಅವನು ಹೇಳಿದ್ದು ಸರಿಯೇ, ಓದುಗರು ತಾವು ಆಡಿದ ಆಟಗಳ ಅನುಭವ ಬರೆಯಲು ಪತ್ರಿಕೆಯಲ್ಲಿ ಜಾಗ ಕೊಡುವಿರಾ ಎಂಬುದು ಪತ್ರದ ಎರಡು ಪ್ರಶ್ನೆಗಳು.

ಮಾನ್ಯರೇ,

ನಿಮ್ಮ ಪತ್ರವನ್ನು ಚಿತ್ರದುರ್ಗದ ನಮ್ಮ ಕಚೇರಿಯಲ್ಲಿ ಮೂವರು ಓದಿದರು, ಮೂವರೂ ಬೇರೆ ಬೇರೆ ಪಕ್ಷ ವಹಿಸಿದರು. ಆದ್ದರಿಂದ ಇಲ್ಲಿ ಬರೆಯುತ್ತಿರುವುದನ್ನು ಪತ್ರಿಕೆಯ ನಿಲುವೆಂದು ತಿಳಿಯದೆ, ಈ ಎಲ್ಲ ಆಟಗಳನ್ನೂ ಅಷ್ಟಿಷ್ಟು ಆಡಿ, ಬಹುಪಾಲು ಸೋತಿರುವ ಒಬ್ಬನ ಅಭಿಪ್ರಾಯವೆಂದು ತಿಳಿಯಬೇಕು.

ಮೊದಲು ನಿಮ್ಮ ಮಗನ ಕಡೆಯ ನ್ಯಾಯವನ್ನು ಹೇಳಿಬಿಡುತ್ತೇನೆ. ಕಟಾನ್ ಸಾಮಾನ್ಯ ಆಟವಲ್ಲ. ಜರ್ಮನಿಯ ಕ್ಲಾಸ್ ಟೊಯ್ಬರ್ ರೂಪಿಸಿದ ಈ ಆಟ 1995ರಲ್ಲಿ ಹೊರಬಂದು, ಅದೇ ವರ್ಷ ಆ ದೇಶದ ‘ವರ್ಷದ ಆಟ’ ಪ್ರಶಸ್ತಿಯನ್ನೂ ಪಡೆಯಿತು. ಆರು ಮೂಲೆಯ 19 ತುಂಡುಗಳನ್ನು ಜೋಡಿಸಿ ದ್ವೀಪ ಮಾಡುವುದು, ಮರ, ಇಟ್ಟಿಗೆ, ಉಣ್ಣೆ, ಧಾನ್ಯ, ಅದಿರು ಎಂಬ ಐದು ಸರಕುಗಳನ್ನು ಗಳಿಸಿ ದಾರಿ, ಮನೆ, ಪಟ್ಟಣ ಕಟ್ಟುವುದು, ಮೊದಲು 10 ಅಂಕ ಮುಟ್ಟಿದವರು ಗೆಲ್ಲುವುದು ಎಂಬಷ್ಟೇ ಅದರ ಹಂದರ. ಆದರೆ ಯಾರೇ ದಾಳ ಎಸೆದರೂ ಆ ಸಂಖ್ಯೆಯ ನೆಲದ ಪಕ್ಕದಲ್ಲಿ ಮನೆಯಿರುವ ಎಲ್ಲರಿಗೂ ಸರಕು ಸಿಗುತ್ತದೆ, ಸಿಕ್ಕದ್ದನ್ನು ಆಡುತ್ತಿರುವವರೊಡನೆ ಬದಲಾಯಿಸಿಕೊಳ್ಳಬಹುದು. ಹಾಗಾಗಿ ತನ್ನ ಸರದಿ ಬರುವವರೆಗೆ ಆಕಳಿಸುತ್ತ ಕೂರುವ ಪ್ರಮೇಯವೇ ಇಲ್ಲ. ಚೌಕಾಬಾರದಲ್ಲಿ ನಾಲ್ಕನೆಯವರಿಗೆ ಕವಡೆ ಬರುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಬರಬಹುದು ಎಂಬುದನ್ನು ನಾವು ಒಪ್ಪಲೇಬೇಕು.

ಟಿಕೆಟ್ ಟು ರೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2004ರಲ್ಲಿ ಬಂದ, ಅಲನ್ ಮೂನ್ ಅವರ ಈ ಆಟದಲ್ಲಿ ಅಮೆರಿಕದ ನಕ್ಷೆಯ ಮೇಲೆ ಒಬ್ಬೊಬ್ಬರೂ 45 ಪುಟ್ಟ ರೈಲು ಡಬ್ಬಿಗಳಿಂದ ಊರೂರಿಗೆ ಹಳಿ ಹಾಸುತ್ತಾರೆ. ಒಂದು ಡಬ್ಬಿಯ ಹಾದಿಗೆ ಒಂದು ಅಂಕವಾದರೆ ಆರು ಡಬ್ಬಿಯ ಹಾದಿಗೆ 15 ಅಂಕ, ಆದ್ದರಿಂದ ಉದ್ದದ ಹಾದಿಗೆ ಕಾಯಬೇಕೋ, ಸಿಕ್ಕ ಗಿಡ್ಡ ಹಾದಿಯನ್ನು ಹಿಡಿದುಬಿಡಬೇಕೋ ಎಂಬ ತೊಳಲಾಟವೇ ಅದರ ಸ್ವಾರಸ್ಯ. ಅಜ್ಜಿ, ಮಗಳು, ಮೊಮ್ಮಗಳು ಒಟ್ಟಿಗೆ ಕೂತು ಕಲಿಯಬಲ್ಲ ಅಚ್ಚುಕಟ್ಟಾದ ಆಟ. ನಿಮ್ಮ ನಾದಿನಿಯವರು ಅರ್ಧ ಗಂಟೆಯಲ್ಲಿ ಡೆನ್ವರ್‌ನಿಂದ ಸಾಂತಾಫೆಗೆ ಹಳಿ ಹಾಸಿ, “ನಮ್ಮ ದಾವಣಗೆರೆ–ಚಿತ್ರದುರ್ಗ–ತುಮಕೂರು ಹಳಿಯನ್ನೂ ಇವರ ಕೈಗೇ ಕೊಡಬೇಕಿತ್ತು” ಎಂಬ ಮಾತಿಗೆ ಕಾರಣರಾದರೆಂದು ಬರೆದಿದ್ದೀರಿ. ಕಚೇರಿಯಲ್ಲಿ ಮೂವರೂ ಒಮ್ಮತದಿಂದ ನಕ್ಕ ಸಾಲು ಅದೊಂದೇ.

ಇನ್ನು ಅದೃಷ್ಟದ ಮಾತು. ನಿಮ್ಮ ಮಗ ಎಂಜಿನಿಯರ್ ಎಂದಿದ್ದೀರಿ, ಅವರಿಗೆ ಲೆಕ್ಕದಲ್ಲೇ ಉತ್ತರ ಕೊಡುವುದು ಮೇಲು. ನಾಲ್ಕು ಕವಡೆಗಳಲ್ಲಿ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಗರ, ಎಲ್ಲವೂ ಬಾಯಿ ಮೇಲಾದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು. ಪ್ರತಿ ಕವಡೆಗೂ ತನ್ನದೇ ಒಂದು ವಾಲು ಇರುತ್ತದೆ, ಅದನ್ನು ಬದಿಗಿಟ್ಟು ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಹಿಡಿದರೆ, 16 ಬಗೆಯ ಬೀಳುವಿಕೆಯಲ್ಲಿ ಎರಡು ಬರುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ತಲಾ 4 ಬಗೆಯಲ್ಲಿ, ನಾಲ್ಕು ಮತ್ತು ಎಂಟು ತಲಾ ಒಂದೇ ಬಗೆಯಲ್ಲಿ. ಐದು, ಆರು, ಏಳು ಎಂಬ ಗರಗಳೇ ಇಲ್ಲ. ನಿಮ್ಮ ಕಾಯಿಯಿರುವ ಮನೆಗೇ ಎದುರಾಳಿಯ ಕಾಯಿ ಬಂದರೆ ನಿಮ್ಮದು ಸಾಯುತ್ತದೆ. ಅಂದಮೇಲೆ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಹುಲಿಯ ಬಾಯಿಯಲ್ಲಿ ನಿಂತಂತೆ. ಐದರಿಂದ ಏಳು ಮನೆ ಮುಂದೆ ನಿಂತರೆ, ಅವರಿಗೆ ಮೊದಲು ನಾಲ್ಕು ಬಿದ್ದು, ಅದರಿಂದ ಸಿಕ್ಕ ಮರುಗರದಲ್ಲಿ ಸರಿಯಾದದ್ದೇ ಬಿದ್ದರಷ್ಟೇ ನಿಮ್ಮ ಕಾಯಿ ಸಾಯುತ್ತದೆ, ನೂರು ಸಲದಲ್ಲಿ ಎರಡು ಸಲದ ಆಸುಪಾಸು.

ನಿಮ್ಮ ಪತ್ರದ ಮೂರನೆಯ ಪುಟವನ್ನು ಈಗ ಮತ್ತೆ ನೋಡಿ. ಅತ್ತೆಯವರು ಮೂರು ಗರ ಬಿದ್ದಾಗಲೂ ಮುಂದಿದ್ದ ಕಾಯಿಯನ್ನು ನಡೆಸದೆ, “ಅದು ಅಲ್ಲೇ ಇರ್ಲಿ, ಅಲ್ಲಿ ಅದಕ್ಕ ಯಾರೂ ಹತ್ತಂಗಿಲ್ಲ” ಎಂದು ಹಿಂದಿನ ಕಾಯಿಯನ್ನು ಎತ್ತಿದರೆಂದೂ, ಅದು ವಯಸ್ಸಾದವರ ಹಟವೆಂದು ನೀವು ಭಾವಿಸಿದಿರೆಂದೂ ಬರೆದಿದ್ದೀರಿ. ನಿಮ್ಮ ಕಾಯಿ ಹಿಂದಿನ ಕಟ್ಟೆಯಲ್ಲಿ, ಅಂದರೆ ಯಾರೂ ಹೊಡೆಯಲಾಗದ ಮನೆಯಲ್ಲಿತ್ತು, ಅವರದು ಅದಕ್ಕೆ ಆರು ಮನೆ ಮುಂದಿತ್ತು ಎಂದೂ ನೀವೇ ಬರೆದಿದ್ದೀರಿ. ಅವರು ಗುಣಾಕಾರ ಮಾಡಿರಲಾರರು. ಆದರೆ ಅರುವತ್ತು ವರ್ಷಗಳ ಆಟ ಅವರ ಕೈಗೆ ಅದೇ ಉತ್ತರವನ್ನು ಕಲಿಸಿದೆ. ಕಟಾನ್‌ನಲ್ಲಿ ಜಾಣರು ಆರು ಮತ್ತು ಎಂಟರ ಅಂಕಿಯಿರುವ ನೆಲಕ್ಕೆ ಮುಗಿಬೀಳುವುದೂ ಇದೇ ಲೆಕ್ಕದಿಂದ. ಎರಡು ದಾಳಗಳ 36 ಬಗೆಯಲ್ಲಿ ಆ ಅಂಕಿಗಳು ತಲಾ 5 ಬಗೆಯಲ್ಲಿ ಬರುತ್ತವೆ, ಎರಡು ಅಥವಾ ಹನ್ನೆರಡು ಬರುವುದು ಒಂದೊಂದೇ ಬಗೆಯಲ್ಲಿ. ಮೊಮ್ಮಗ ಅಂಕಿ ನೋಡಿ ಮಾಡುವುದನ್ನು ಅಜ್ಜಿ ಅಂಕಿಯಿಲ್ಲದೆ ಮಾಡುತ್ತಾರೆ.

ನಮ್ಮವರು ಆಟಗಳನ್ನು ಯೋಚಿಸಲೇ ಇಲ್ಲವೆಂಬ ಮಾತು ನಿಲ್ಲುವುದಿಲ್ಲ. ಹುಲಿ-ಕುರಿ ಆಟದಲ್ಲಿ ದಾಳವೂ ಇಲ್ಲ, ಕವಡೆಯೂ ಇಲ್ಲ. ಮೂರು ಹುಲಿಗಳ ಎದುರು ಹದಿನೈದು ಕುರಿಗಳು, ಅಸಮಬಲದ ಎರಡು ಪಕ್ಷಗಳು, ಗೆಲ್ಲುವ ದಾರಿಯೂ ಬೇರೆ ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಇಂಥ ಆಟಗಳಿಗೇ ಮೀಸಲು. ಇಷ್ಟು ಸಾಕು, ಹೆಮ್ಮೆಪಡುವುದಕ್ಕಾಗಿ ಹಳೆಯದನ್ನು ಎತ್ತಿ ತೋರಿಸುವ ಅಭ್ಯಾಸ ನನಗೂ ಅಷ್ಟಾಗಿ ಹಿಡಿಸುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ, ಅದನ್ನು ನೀವು ಹೋಗುಹೋಗುತ್ತ ಒಂದು ಸಾಲಿನಲ್ಲಿ ಹೇಳಿದ್ದೀರಿ. ಕಟಾನ್ ಆಡುವಾಗ ಅತ್ತೆಯವರಿಗೆ ಏಳು ಬಿತ್ತು. ಏಳು ಬಿದ್ದವರು ಕಳ್ಳನ ಗೊಂಬೆಯನ್ನು ಯಾರದಾದರೂ ನೆಲದ ಮೇಲಿಟ್ಟು ಅಲ್ಲಿಯ ಬೆಳೆ ನಿಲ್ಲಿಸಿ, ಅವರಿಂದ ಒಂದು ಕಾರ್ಡು ಕಸಿದುಕೊಳ್ಳಬೇಕು. ಆಗ ಮುಂದಿದ್ದವನು ಮೊಮ್ಮಗ. ಎಲ್ಲರೂ ಅವನ ನೆಲವನ್ನೇ ತೋರಿಸಿದರೂ ಅವರು, “ಮೊಮ್ಮಗನ ಹೊಲಕ್ಕ ಕಳ್ಳನ್ನ ನಾನ ಬಿಡ್ಲೇನು?” ಎಂದು ಗೊಂಬೆಯನ್ನು ಯಾರೂ ಇಲ್ಲದ ಮರಳುಗಾಡಿನಲ್ಲಿ ನಿಲ್ಲಿಸಿದರು. ಅದೇ ಅಜ್ಜಿ ಮರುರಾತ್ರಿ ಚೌಕಾಬಾರದಲ್ಲಿ ಅದೇ ಮೊಮ್ಮಗನ ಕಾಯಿಯನ್ನು ಮೂರು ಸಲ ಹೊಡೆದರು, ಅದರಲ್ಲಿ ಒಂದು ಇನ್ನೆರಡು ಮನೆ ನಡೆದರೆ ನಡುಮನೆ ಸೇರಿ ಹಣ್ಣಾಗುವುದರಲ್ಲಿತ್ತು. ಹೊಡೆದಾಗಲೆಲ್ಲ ಅವರು ಹೇಳಿದ್ದು, “ನಾನೇನ್ ಮಾಡ್ಲಪ್ಪ, ಕವಡಿ ಹಂಗ ಬಿತ್ತು.”

ಅವರಿಗೆ ಬೇರೆ ಕಾಯಿ ನಡೆಸುವ ಅವಕಾಶವಿತ್ತು ಎಂಬುದು ಅವರಿಗೂ ಗೊತ್ತು, ಮೊಮ್ಮಗನಿಗೂ ಗೊತ್ತು. ಆದರೂ ಆ ಮಾತು ನಡೆಯುತ್ತದೆ. ಕಳ್ಳನ ಗೊಂಬೆಯನ್ನು ಕೈಯಲ್ಲಿ ಹಿಡಿದವರಿಗೆ ಅಂಥ ಮರೆಯಿಲ್ಲ. ದಾಳ ಏಳನ್ನು ತೋರಿಸಿ ಸುಮ್ಮನಾಗುತ್ತದೆ, ಯಾರನ್ನು ಕಾಡಬೇಕೆಂಬುದನ್ನು ನೀವೇ ಮೂರು ಮುಖಗಳನ್ನು ನೋಡಿ ತೀರ್ಮಾನಿಸಬೇಕು. ಹಾಗೆ ನೋಡಿದರೆ ಕಟಾನ್ ಬಹಳ ಮರ್ಯಾದಸ್ತ ಆಟ. ಅಲ್ಲಿ ಕಟ್ಟಿದ ಮನೆಯನ್ನು ಯಾರೂ ಕೆಡವುವುದಿಲ್ಲ, ಯಾರೂ ಆಟದಿಂದ ಹೊರಬೀಳುವುದಿಲ್ಲ. ಚೌಕಾಬಾರವಾದರೋ ನಿರ್ದಯಿ. ಹೊರಸುತ್ತಿನ 16 ಮನೆ ಸುತ್ತಿ ಬಂದರೂ, ಒಬ್ಬರ ಕಾಯಿಯನ್ನಾದರೂ ಹೊಡೆಯದಿದ್ದರೆ ಒಳಸುತ್ತಿನ ಎಂಟು ಮನೆಗಳಿಗೆ ಕಾಲಿಡುವಂತಿಲ್ಲ. ಒಳ್ಳೆಯವರಾಗಿ ಉಳಿದು ಗೆಲ್ಲುವ ದಾರಿಯನ್ನೇ ಅದು ಮುಚ್ಚಿಬಿಟ್ಟಿದೆ. ಅತ್ತೆ, ಸೊಸೆ, ನಾದಿನಿ ಒಂದೇ ನೆಲದ ಮೇಲೆ ಮಂಡಿಯೂರಿ ಕೂತು ಒಬ್ಬರನ್ನೊಬ್ಬರು ಹೊಡೆಯಲೇಬೇಕಾದ ಆಟವಿದು. ಅದನ್ನು ಆಡಿ ಎದ್ದಮೇಲೂ ಒಂದೇ ಅಡುಗೆಮನೆಗೆ ಹೋಗಬೇಕು. ಆಗ ತಪ್ಪನ್ನು ಹೊರಲು ಕವಡೆಯೊಂದು ಬೇಕು. ಅದೃಷ್ಟ ಈ ಆಟದಲ್ಲಿ ಬುದ್ಧಿಯ ಜಾಗವನ್ನು ಕಸಿದುಕೊಂಡಿದೆ ಎನ್ನುವುದಕ್ಕಿಂತ ಬುದ್ಧಿಗೆ ಒಂದು ಸೆರಗು ಹೊದಿಸಿದೆ ಎನ್ನುವುದು ನನಗೆ ಹೆಚ್ಚು ಸರಿಯಾಗಿ ಕಾಣುತ್ತದೆ. ನೀವೂ ಒಮ್ಮೆ ಅತ್ತೆಯವರ ಕಾಯಿ ಹೊಡೆದು, “ಅತ್ತಿ, ಕಾಯಿ ಎತ್ರಿ” ಎಂದಾಗ ನಾದಿನಿಯವರು ಚಪ್ಪಾಳೆ ತಟ್ಟಿದರೆಂದು ಬರೆದಿದ್ದೀರಲ್ಲ, ಆ ಮಾತನ್ನು ಕಟಾನ್ ಹಲಗೆಯ ಮುಂದೆ ಅಷ್ಟೇ ಗಟ್ಟಿಯಾಗಿ ಆಡಬಲ್ಲಿರಾ ಎಂದು ಮಗನನ್ನಲ್ಲ, ನಿಮ್ಮನ್ನೇ ಕೇಳುತ್ತೇನೆ.

ಮರೆಯಿಲ್ಲದ ಆಟ ಎಲ್ಲಿ ಕೆಡುತ್ತದೆ ಎಂಬುದನ್ನು ನನ್ನ ಮನೆಯಲ್ಲೇ ನೋಡಿದ್ದೇನೆ. ಭಾನುವಾರ ಸಂಜೆ ನಾವು ನಾಲ್ವರು ಹಳೆಯ ಗೆಳೆಯರು ಸೇರುವುದುಂಟು. ಕಳೆದ ತಿಂಗಳು ಒಬ್ಬರು ‘ಪ್ಯಾಂಡೆಮಿಕ್’ ತಂದರು. 2008ರಲ್ಲಿ ಬಂದ ಈ ಆಟದಲ್ಲಿ ಆಡುವವರೆಲ್ಲ ಒಂದೇ ಪಕ್ಷ, ಎದುರಾಳಿಯೆಂದರೆ ನಾಲ್ಕು ರೋಗಗಳು, ಹಲಗೆಯ ಮೇಲಿನ 48 ನಗರಗಳಲ್ಲಿ ಚೆನ್ನೈ, ಮುಂಬೈ, ದೆಹಲಿ, ಕೋಲ್ಕತ್ತ ಎಲ್ಲವೂ ಇವೆ. ಯಾರೂ ಯಾರನ್ನೂ ಹೊಡೆಯದ ಆಟ, ಜಗಳವೇ ಇರದು ಎಂದುಕೊಂಡೆವು. ಹತ್ತು ನಿಮಿಷದಲ್ಲಿ ನಮ್ಮ ವಕೀಲ ಮಿತ್ರರು ಎಲ್ಲರ ಕಾರ್ಡುಗಳನ್ನೂ ತಾವೇ ಓದಿ, ನೀವು ಅಲ್ಲಿಗೆ ಹೋಗಿ, ನೀವು ಇದನ್ನು ಎತ್ತಿಡಿ ಎಂದು ನಡೆಸತೊಡಗಿದರು. ಡಾಕ್ಟರು ಸುಮ್ಮನೆ ಎದ್ದು ಕಡಲೆಕಾಯಿ ಹುರಿಯಲು ಹೋದರು. ಆಟ ಗೆದ್ದೆವು, ಗೆದ್ದವರು ವಕೀಲರೊಬ್ಬರೇ. ಚೌಕಾಬಾರದ ಸುತ್ತಲೂ ಸಲಹೆ ಕೊಡುವವರು ನಿಂತಿರುತ್ತಾರೆ ನಿಜ, ಆದರೆ ಕವಡೆ ಕುಲುಕುವ ಕೈ ಮಾತ್ರ ನಮ್ಮದೇ ಆಗಿರುತ್ತದೆ. ನಿಮ್ಮ ನಾದಿನಿಯ ಒಂಬತ್ತು ವರ್ಷದ ಮಗಳು ಅಜ್ಜಿಯ ಕವಡೆಗಳನ್ನು ತಾನೇ ಕುಲುಕುತ್ತೇನೆಂದು ಹಟ ಹಿಡಿದದ್ದು ಇದಕ್ಕೇ ಇರಬೇಕು.

ಹಾಗೆಂದು ಚೌಕಾಬಾರಕ್ಕೆ ಸಿಂಹಾಸನ ಹಾಕುತ್ತಿಲ್ಲ. ನಿಮ್ಮ ಮನೆಯಲ್ಲಿ ರಾತ್ರಿ ಎರಡಾದದ್ದು ಆಟದ ಸೊಗಸಿನಿಂದಲೇ ಎಂದು ನೀವು ಸೂಚಿಸಿದ್ದೀರಿ. ನನಗೆ ಅನುಮಾನ. ಯಾರನ್ನೂ ಹೊಡೆಯಲಾಗದೆ ಹೊರಸುತ್ತಿನಲ್ಲೇ ಗಾಣದೆತ್ತಿನಂತೆ ಸುತ್ತುವ ಕಾಯಿಯ ಸಂಕಟ ನನಗೆ ಗೊತ್ತು. ಮೊದಲ ಇಬ್ಬರು ಹಣ್ಣಾದಮೇಲೆ ಉಳಿದವರ ಆಟ ಎಳೆದಾಟವೇ. ಮಗ ಆಕ್ಷೇಪಿಸಿದ ‘ಮನೆಗೊಂದು ನಿಯಮ’ ಈ ದೋಷಕ್ಕೆ ನಮ್ಮ ಹಿರಿಯರು ಮಾಡಿಕೊಂಡ ರಿಪೇರಿ ಇದ್ದೀತು. ಕಾಯಿ ಹೊಡೆದವರಿಗೆ ಇನ್ನೊಂದು ಗರ ಕೊಡುವ ಮನೆಯಲ್ಲಿ ಆಟ ಬೇಗ ಮುಗಿಯುತ್ತದೆ, ಕೊಡದ ಮನೆಯಲ್ಲಿ ನಿಧಾನ. ಎರಡು ಕಾಯಿ ಜೋಡಿಯಾಗಿ ನಿಂತರೆ ಹೊಡೆಯಬಾರದು ಎಂಬುದನ್ನು ಸೇರಿಸಿದರೆ ಇನ್ನೂ ನಿಧಾನ. ಅಚ್ಚಾದ ನಿಯಮದ ಪುಸ್ತಕವಿಲ್ಲದಿರುವುದರಿಂದ ಆಟ ಶುರುವಾಗುವ ಮೊದಲು ಇದನ್ನೆಲ್ಲ ಒಪ್ಪಿಕೊಳ್ಳಬೇಕು, ಒಪ್ಪಿಕೊಳ್ಳದೆ ಕೂತದ್ದರಿಂದಲೇ ನಿಮ್ಮಲ್ಲಿ ಹನ್ನೊಂದು ಗಂಟೆಗೆ ನಿಯಮದ ಬಗ್ಗೆ ನೀವು ಬರೆದಿರುವ ಆ ವಾಗ್ವಾದವಾದದ್ದು. ಅದು ಆಟದ ತಪ್ಪಲ್ಲ, ಕೂತವರ ಆತುರ.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಜಾಗ ಕೊಡುತ್ತೇವೆ, ಮುಂದಿನ ಸಂಚಿಕೆಯಿಂದ ಒಂದು ಪುಟ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದನ್ನು ಕನ್ನಡಕ್ಕೆ ತಿರುಗಿಸಿ ಕಳಿಸುವವರ ಬರಹ ನಮಗೆ ಬೇಡ. ಎಷ್ಟು ಜನ ಕೂತಿದ್ದಿರಿ, ಎಷ್ಟು ಹೊತ್ತಾಯಿತು, ಕಿರಿಯರ ವಯಸ್ಸೆಷ್ಟು, ಯಾರು ಯಾವಾಗ ಎದ್ದುಹೋದರು, ಯಾಕೆ ಹೋದರು ಎಂಬುದು ಬೇಕು. ನಿಮ್ಮ ಮಗ ಆಟಕ್ಕೆ ಮೊದಲು, “ಮಂಡಕ್ಕಿ ಮಿರ್ಚಿ ತಿಂದ ಕೈಲಿ ಕಾರ್ಡು ಮುಟ್ಟಬ್ಯಾಡ್ರಿ” ಎಂದು ಎಲ್ಲರ ಕೈ ತೊಳೆಸಿದ್ದು, ಆದರೂ ಉಣ್ಣೆಯ ಎರಡು ಕಾರ್ಡುಗಳಿಗೆ ಎಣ್ಣೆಯ ಹೆಬ್ಬೆಟ್ಟು ಬಿದ್ದು, ಮರುದಿನ ಎಲ್ಲರೂ ಹಿಂಬದಿಯಿಂದಲೇ ಆ ಕಾರ್ಡುಗಳನ್ನು ಗುರುತು ಹಿಡಿಯುವಂತಾದದ್ದು, ಇವು ಆ ಆಟವನ್ನು ದಾವಣಗೆರೆಯಲ್ಲಿ ಕೊಳ್ಳಬೇಕೆಂದಿರುವವರಿಗೆ ಅಂಕಗಳ ವಿವರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಕೆಲವು ಸಾವಿರ ರೂಪಾಯಿ ಕೊಟ್ಟು ತರುವ ಪೆಟ್ಟಿಗೆ, ಕಾರ್ಡುಗಳಿಗೆ ಪ್ಲಾಸ್ಟಿಕ್ ಕವಚ ಹಾಕಿಕೊಳ್ಳುವುದು ಲೇಸು. ಕವಡೆಗಾದರೆ ಈ ಕಾಟವಿಲ್ಲ, ಎಣ್ಣೆ ಹತ್ತಿದಷ್ಟೂ ಅದಕ್ಕೆ ಹೊಳಪು.

ಮೊದಲ ಪುಟಕ್ಕೆ ನಿಮ್ಮ ಮೂರು ರಾತ್ರಿಗಳ ಕಥೆಯನ್ನೇ ಬಳಸಿಕೊಳ್ಳಲು ಅನುಮತಿ ಕೊಡಬೇಕಾಗಿ ಕೋರಿಕೆ. ಜೊತೆಗೆ ಅತ್ತೆಯವರನ್ನು ಒಂದು ಮಾತು ಕೇಳಿ ತಿಳಿಸಿ: ಸತತ ಮೂರು ಸಲ ನಾಲ್ಕೋ ಎಂಟೋ ಬಿದ್ದರೆ ನಿಮ್ಮಲ್ಲಿ ಆ ಗರಗಳು ಲೆಕ್ಕಕ್ಕುಂಟೋ, ಸುಟ್ಟುಹೋದವೋ? ನಮ್ಮ ಕಚೇರಿಯಲ್ಲಿ ಇದೇ ವಿಷಯಕ್ಕೆ ಮೊನ್ನೆ ಮಧ್ಯಾಹ್ನದ ಆಟ ಅರ್ಧಕ್ಕೇ ನಿಂತಿದೆ. ಮೇಜಿನ ಮೇಲೆ ಕಾಯಿಗಳು ಇನ್ನೂ ಇದ್ದಲ್ಲೇ ಇವೆ.

— ಸಂಪಾದಕ