ಲೈನ್‌ಮ್ಯಾನ್ ಅಂದ್ರೆ ಕಂಬ ಹತ್ತುವವ ಅಲ್ಲ ಮಾರಾಯ್ರೆ

ಪ್ರಶ್ನೆ: ನಮ್ಮಲ್ಲಿ ಸೆವೆನ್ಸ್, ಅಂದ್ರೆ ಏಳೇಳು ಜನರ ಫುಟ್ಬಾಲ್ ಟೂರ್ನಮೆಂಟ್ ಬಂತು ಅಂದ್ರೆ ಹೊರಗಿನ ಪ್ಲೇಯರ್ಸನ್ನ ದುಡ್ಡು ಕೊಟ್ಟು ಇಳಿಸ್ತಾರೆ, ಗ್ಯಾಲರಿಯಲ್ಲಿ ಅದೇ ಜಗಳ. ಇದನ್ನು ಶುರು ಮಾಡಿದ್ದೇ ಅಮೆರಿಕದವರು, ಅಲ್ಲಿ ಫಸ್ಟ್ ದುಡ್ಡು ತಗೊಂಡವ ಒಬ್ಬ ಲೈನ್‌ಮ್ಯಾನ್ ಅಂತ ನನ್ನ ಬಾವ ಹೇಳ್ತಾರೆ. ಕರೆಂಟಾಫೀಸಿನವನಿಗೆ ಫುಟ್ಬಾಲಲ್ಲಿ ಎಂತ ಕೆಲಸ?
– ಓದುಗರು, ಉಪ್ಪಳ

ಉತ್ತರ: ನಿಮ್ಮ ಬಾವ ಹೇಳಿದ್ದು ಅರ್ಧ ಸರಿ. ನಾವಾಡುವ ಕಾಲ್ಚೆಂಡಿಗೆ ದುಡ್ಡು ಕೊಡುವುದು ಇಂಗ್ಲೆಂಡಲ್ಲಿ 1885ಕ್ಕೇ ಅಧಿಕೃತ ಆಗಿತ್ತು. ಬಾವ ಹೇಳಿದ್ದು ಅಮೆರಿಕನ್ ಫುಟ್ಬಾಲ್ ಕತೆ, ಬಾಲನ್ನ ಕೈಯಲ್ಲಿ ಅಪ್ಪಿಕೊಂಡು ಓಡುವ ಆಟ. ಅದರಲ್ಲಿ ಬಾಲ್ ಇಟ್ಟ ಗೆರೆಯಲ್ಲಿ ಎದುರಿನವನ ಮೂಗಿಗೆ ಮೂಗು ತಾಗುವ ಹಾಗೆ ಬಗ್ಗಿ ನಿಂತು, ದೂಡಿ ಬೀಳಿಸಿ, ಹಿಂದಿನವನಿಗೆ ಓಡ್ಲಿಕ್ಕೆ ದಾರಿ ಮಾಡಿ ಕೊಡುವವ ಲೈನ್‌ಮ್ಯಾನ್. ಬಾಲ್ ಅವನ ಕೈಗೆ ಸಿಗುವುದೇ ಅಪರೂಪ, ಮದುವೆ ಮನೆಯ ಅಡುಗೆಯವರ ಹಾಗೆ, ಫೋಟೋದಲ್ಲಿ ಇರುವುದಿಲ್ಲ.

ಫಸ್ಟ್ ದುಡ್ಡು ತಗೊಂಡ ಆ ಲೈನ್‌ಮ್ಯಾನ್ ಹೆಸರು ವಿಲಿಯಂ ಹೆಫೆಲ್‌ಫಿಂಗರ್, ಅಡ್ಡಹೆಸರು ಪಡ್ಜ್, ಅಂದ್ರೆ ಡುಮ್ಮ. ಯೇಲ್ ಕಾಲೇಜಲ್ಲಿ ಗಾರ್ಡ್ (ಅದೂ ಒಂದು ಲೈನ್‌ಮ್ಯಾನ್ ಜಾಗವೇ) ಆಗಿ ಆಡಿದವ, 1889, 1890, 1891 ಮೂರು ವರ್ಷವೂ ಇಡೀ ದೇಶದ ಬೆಸ್ಟ್ ಟೀಮಿಗೆ ಆಯ್ಕೆ. ಆಮೇಲೆ ರೈಲ್ವೆ ಕಂಪನಿಯಲ್ಲಿ ಕೆಲಸ, ರಜೆ ಹಾಕಿ ಶಿಕಾಗೋದ ಒಂದು ಕ್ಲಬ್ಬಿನ ಜೊತೆ ಆಡ್ಲಿಕ್ಕೆ ಹೋಗಿದ್ದ. ಅಷ್ಟರಲ್ಲಿ ಪಿಟ್ಸ್‌ಬರ್ಗಿನ ಎರಡು ಕ್ಲಬ್ಬುಗಳಿಗೆ ಜಿದ್ದು ಬಿದ್ದಿತ್ತು, ನಮ್ಮ ಆಚೆ ಊರು ಈಚೆ ಊರಿನ ಹಾಗೇ. 1892 ನವೆಂಬರ್ 12ಕ್ಕೆ ಅಲೆಗೆನಿ ಕ್ಲಬ್ಬಿನವರು ಇವನನ್ನು ಮೈದಾನಕ್ಕೆ ಇಳಿಸಿದ್ದೇ ತಡ, ಎದುರಿನವರು ಆಡುವುದಿಲ್ಲ ಅಂತ ಹೊರಟೇ ಬಿಟ್ರು, ಬೆಟ್ ಎಲ್ಲ ಕ್ಯಾನ್ಸಲ್ ಮಾಡಿದ ಮೇಲೆ ಒಪ್ಪಿದ್ದು, ಅಷ್ಟೊತ್ತಿಗೆ ಕತ್ತಲಾಗ್ತದೆ ಅಂತ ಆಟವನ್ನೇ ಗಿಡ್ಡ ಮಾಡಿದ್ರು. ಮತ್ತೆ ನೋಡಿ ಮಜಾ, ಲೈನ್‌ಮ್ಯಾನ್ ಕೈಗೆ ಬಾಲ್ ಸಿಗುವುದೇ ಅಪರೂಪ ಅಂದೆನಲ್ಲ, ಅವನೇ ಎದುರಿನವನನ್ನು ಗುದ್ದಿ ಬಾಲ್ ಉದುರಿಸಿ, ಎತ್ಕೊಂಡು ಓಡಿ ಟಚ್‌ಡೌನ್ ಮಾಡಿದ, ಅಂದ್ರೆ ಬಾಲನ್ನು ಎದುರಿನವರ ಗೋಲ್ ಗೆರೆ ದಾಟಿಸಿದ. ಆಗ ಟಚ್‌ಡೌನಿಗೆ 4 ಪಾಯಿಂಟ್. ಮ್ಯಾಚ್ 4-0.

ಅಲ್ಲಿ ಆಗ ದುಡ್ಡು ತಗೊಂಡು ಆಡುವ ಹಾಗಿಲ್ಲ. ಅದಕ್ಕೆ ಉಪಾಯ ಎಂತ ಗೊತ್ತುಂಟಾ, ಬಹುಮಾನ ಅಂತ ಪ್ಲೇಯರಿಗೆ ಒಂದು ಚಿನ್ನದ ವಾಚು ಕೊಡುವುದು, ಅವ ಅಡವಿಟ್ಟು ದುಡ್ಡು ತಗೊಳ್ಳುವುದು, ಕ್ಲಬ್ಬಿನವರು ಅದೇ ವಾಚು ಬಿಡಿಸಿ ತಂದು ಮುಂದಿನ ಮ್ಯಾಚಿಗೆ ಪುನಃ ಅವನಿಗೇ ಕೊಡುವುದು! ಅಲೆಗೆನಿಯವರು ಮಾತ್ರ ನಗದೇ ಕೊಟ್ರು. ಗುಟ್ಟಾಗಿಯೇ ಇರ್ತಿತ್ತೇನೋ, ಆದ್ರೆ ಲೆಕ್ಕ ಬರೆಯುವವ ಭಾರೀ ಪ್ರಾಮಾಣಿಕ, ಹೋಟೆಲ್ ಬಿಲ್ಲು 9 ಡಾಲರ್ ಅಂತ ಬರೆದ ಕೆಳಗೇ ‘ಆಡಿದ್ದಕ್ಕೆ ಹೆಫೆಲ್‌ಫಿಂಗರ್‌ಗೆ ನಗದು 500 ಡಾಲರ್’ ಅಂತ ಬರೆದಿಟ್ಟ. ಇಷ್ಟೆಲ್ಲ ಖರ್ಚಾಗಿಯೂ ಕ್ಲಬ್ಬಿಗೆ 621 ಡಾಲರ್ ಲಾಭ. ನಿಮ್ಮ ಕ್ಲಬ್ಬಿನ ಹಳೆ ಲೆಕ್ಕಬುಕ್ಕು ಅಟ್ಟದಲ್ಲಿದ್ರೆ ಗೆದ್ದಲು ಹಿಡಿಯದ ಹಾಗೆ ನೋಡ್ಕೊಳ್ಳಿ.

ಪ್ರಶ್ನೆ: ಮೊದಲ ಪ್ರೊಫೆಶನಲ್ ಜಾನ್ ಬ್ರಾಲಿಯರ್ ಅಂತ ಎಲ್ಲೋ ಓದಿದ್ದೆ. ಯಾವುದು ಸರಿ? ಈ ಹೆಫೆಲ್‌ಫಿಂಗರ್ ಮತ್ತೆ ಎಂತ ಮಾಡಿದ?
– ಓದುಗರು, ಬದಿಯಡ್ಕ

ಉತ್ತರ: ಆ ಲೆಕ್ಕದ ಹಾಳೆ ಬೆಳಕಿಗೆ ಬರುವ ತನಕ ಬ್ರಾಲಿಯರೇ ಮೊದಲಿಗ ಅಂತ ನಂಬಿಕೆ ಇತ್ತು. 1895ರಲ್ಲಿ ಲೇಟ್ರೋಬ್ ಊರಿನ ಟೀಮಿಗೆ ಆಡಿದ್ದಕ್ಕೆ ಅವನಿಗೆ ಸಿಕ್ಕಿದ್ದು 10 ಡಾಲರ್ ಮತ್ತೆ ಖರ್ಚು. 500 ಎಲ್ಲಿ, 10 ಎಲ್ಲಿ!

ಹೆಫೆಲ್‌ಫಿಂಗರ್ ಆಮೇಲೆ ಕ್ಯಾಲಿಫೋರ್ನಿಯಾ, ಲೀಹೈ, ಮಿನ್ನೆಸೋಟಾ ಅಂತ ವರ್ಷಕ್ಕೊಂದು ಕಡೆ ಕೋಚ್ ಆಗಿದ್ದ. ಕೋಚಿಂಗಿಗಿಂತ ಆಟದ ಹುಚ್ಚೇ ಜಾಸ್ತಿ, 65 ವರ್ಷಕ್ಕೂ ಒಂದು ಸಹಾಯಾರ್ಥ ಮ್ಯಾಚಿಗೆ ಇಳಿದಿದ್ದ. 1954ರಲ್ಲಿ ತೀರಿಕೊಂಡ. ಡುಮ್ಮ ಅಂದ್ರಲ್ಲ, ತೂಕ ಸುಮಾರು 90 ಕಿಲೋ ಅಷ್ಟೇ, ಈಗಿನ ಲೈನ್‌ಮ್ಯಾನ್‌ಗಳು 135 ಕಿಲೋ ಮೇಲೆಯೇ ಇರ್ತಾರೆ, ಅವರ ಪಕ್ಕ ನಿಲ್ಲಿಸಿದ್ರೆ ನಮ್ಮ ಡುಮ್ಮ ಕಡ್ಡಿ.