'ರೊಕ್ಕದ ಚಿಂತಿ ಬ್ಯಾಡ' ಅಂದವರು ಯಾರು?

ಧಾರವಾಡದ ಮಾಳಮಡ್ಡಿಯಿಂದ ಬಂದ ಪತ್ರವೊಂದನ್ನು ಈ ವಾರ ಮೂರು ಸಲ ಓದಿದೆ. ಮೊದಲ ಸಲ ಗುತ್ತಿಗೆದಾರನ ಮೇಲೆ ಸಿಟ್ಟು ಬಂತು. ಎರಡನೇ ಸಲ ಏನೋ ಅನುಮಾನ ಬಂತು. ಮೂರನೇ ಸಲ ಸಿಟ್ಟು ಬೇರೆಯವರ ಕಡೆ ತಿರುಗಿತು.

ಪತ್ರದಲ್ಲಿ ಇರುವುದು ಇಷ್ಟು. ಹಳೆಯ ಹಂಚಿನ ಮನೆ. ಬರುವ ತಿಂಗಳು ಮಗಳ ಕುಬಸ (ಸೀಮಂತ), ಆಮೇಲೆ ಬಾಣಂತನವೂ ಇಲ್ಲೇ. ಅದಕ್ಕೇ ಅಡುಗೆಮನೆ, ಬಚ್ಚಲು ಎರಡನ್ನೂ ಹೊಸದಾಗಿ ಮಾಡಿಸಲು ಕೈಹಾಕಿದರು. ಸಾಮಾನು, ಕೂಲಿ ಎಲ್ಲ ಸೇರಿ 4,20,000 ರೂಪಾಯಿಗೆ ಮಾತಾಯಿತು. ಈವರೆಗೆ 3,60,000 ಕೊಟ್ಟಾಗಿದೆ. ಈಗ ಗುತ್ತಿಗೆದಾರ 'ಸಿಮೆಂಟ್, ಉಸುಕು, ಕೂಲಿ ಎಲ್ಲಾ ಏರ್ಯಾವ, ಇನ್ನೂ 1,10,000 ಬೇಕಾಗ್ತದ' ಅಂದಿದ್ದಾನೆ. ಇವರು ಒಪ್ಪಲಿಲ್ಲ. ಹನ್ನೆರಡು ದಿನದಿಂದ ಕೆಲಸ ನಿಂತಿದೆ. ಬಚ್ಚಲಿಗೆ ಟೈಲ್ಸ್ ಅರ್ಧ ಕೂತಿದೆ, ಅಡುಗೆಮನೆಗೆ ನಲ್ಲಿ ಬಂದಿಲ್ಲ, ಒಲೆ ಪಡಸಾಲೆಯಲ್ಲಿದೆ. 'ಮಾತು ತಪ್ಪಿದವನಿಗೆ ಹಣ ಕೊಡಬೇಕೇ? ಕೋರ್ಟಿಗೆ ಹೋಗಲೇ? ನಮ್ಮನೆಯವರು ತುಟಿ ಬಿಚ್ಚುತ್ತಿಲ್ಲ' ಎಂದು ಕೇಳಿದ್ದಾರೆ.

ಅಕ್ಕಾ, ಮೊದಲು ಸಿಮೆಂಟಿನ ವಿಷಯ ಮುಗಿಸೋಣ. ನೀವೇ ಎಣಿಸಿ ಬರೆದಿದ್ದೀರಿ, ಈವರೆಗೆ ಬಂದದ್ದು 45 ಚೀಲ. ಚೀಲಕ್ಕೆ 50 ರೂಪಾಯಿ ಏರಿದೆ ಅಂತಲೇ ಇಟ್ಟುಕೊಳ್ಳಿ. ಆಯಿತು 2,250 ರೂಪಾಯಿ. ಎರಡು ಬ್ರಾಸ್ (ಇನ್ನೂರು ಘನ ಅಡಿ) ಉಸುಕಿಗೂ ಕೂಲಿಗೂ ಹೀಗೇ ಧಾರಾಳವಾಗಿ ಸೇರಿಸುತ್ತಾ ಹೋದರೂ ಲಕ್ಷದ ಹತ್ತಿರ ಬರುವುದಿಲ್ಲ. ಅಷ್ಟಕ್ಕೂ ಎಲ್ಲ ಸೇರಿ ಗುತ್ತಿಗೆ ಹಿಡಿದ ಮೇಲೆ ಬೆಲೆ ಏರಿದರೆ ನಷ್ಟ ಅವರದು, ಇಳಿದರೆ ಲಾಭ ಅವರದು. 2025ರ ಸೆಪ್ಟೆಂಬರ್ 22ರಂದು ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅವತ್ತು ಯಾವ ಗುತ್ತಿಗೆದಾರರಾದರೂ 'ಅಕ್ಕಾರ, ತೆರಿಗಿ ಇಳದೈತಿ, ನಿಮಗ ಇಷ್ಟು ಬಿಡತೇನಿ' ಎಂದು ಫೋನ್ ಮಾಡಿದ್ದನ್ನು ನಾನಂತೂ ಕೇಳಿಲ್ಲ. 1872ರ ಕರಾರು ಕಾಯ್ದೆಯೂ ಇದನ್ನೇ ಹೇಳುತ್ತದೆ. ಇಬ್ಬರು ಸೇರಿ ಮಾಡಿದ ಕರಾರನ್ನು ಬದಲಿಸಲು ಇಬ್ಬರೂ ಒಪ್ಪಬೇಕು. ಬಾಯಿಮಾತಿನ ಕರಾರೂ ಕರಾರೇ, ರುಜುವಾತು ಮಾಡುವುದಷ್ಟೇ ಕಷ್ಟ.

ಹಾಗಾದರೆ ಆತ ಕಳ್ಳ ಅಂತಾಯಿತಲ್ಲ ಅನ್ನಬೇಡಿ. ನಿಮ್ಮ ಪತ್ರದಲ್ಲೇ ಇನ್ನೊಂದು ಮಾತಿದೆ. ಬಚ್ಚಲಿನ ಗೋಡೆ ಒಡೆದಾಗ ಒಳಗಿನ ಕಬ್ಬಿಣದ ಪೈಪು ತುಕ್ಕು ತಿಂದು ಜಾಳಾಗಿತ್ತು. ಆತ ನಿಮ್ಮನ್ನು ಕರೆದು ತೋರಿಸಿ, '12,000 ಜಾಸ್ತಿ ಆಗ್ತದ, ಹಾಕಲೋ ಬ್ಯಾಡೋ' ಎಂದು ಕೇಳಿದ. ನೀವು ಹೂಂ ಅಂದು ಆ ಹಣ ಬೇರೆ ಕೊಟ್ಟಿರಿ. ಅಡ್ಡದಾರಿ ಹಿಡಿಯುವವನು ಹಾಗೆ ಕೇಳುವುದಿಲ್ಲ. ಸುಮ್ನೆ ಹಾಕಿಬಿಟ್ಟು ಕೊನೆಗೆ ಬಿಲ್ಲಿನಲ್ಲಿ ತುರುಕುತ್ತಾನೆ. ಹನ್ನೆರಡು ಸಾವಿರಕ್ಕೆ ಕೇಳಿ ಮಾಡಿದ ಮನುಷ್ಯ ಒಂದು ಲಕ್ಷ ಹತ್ತು ಸಾವಿರಕ್ಕೆ ಯಾಕೆ ಸಿಮೆಂಟಿನ ಕಥೆ ಹೇಳುತ್ತಾನೆ?

ಉತ್ತರ ನಿಮ್ಮ ಪತ್ರದ ಎರಡನೇ ಪುಟದಲ್ಲಿದೆ, ಅದೂ ಕಂಸದೊಳಗೆ. 'ನಡುವೆ ನಮ್ಮ ಭಾವನವರು ಒಮ್ಮೆ ಬಂದು ಕೆಲಸ ನೋಡಿ ಹೋದರು. ಕಡಪಾ ಕಲ್ಲು ಯಾಕ, ಗ್ರಾನೈಟ್ ಹಾಕು, ಹಿತ್ತಲಿಗೂ ಫರ್ಸಿ ಹಾಕಿಬಿಡು, ರೊಕ್ಕದ ಚಿಂತಿ ಬ್ಯಾಡ ಅಂತ ಅವನಿಗೆ ಹೇಳಿದರು.' ಇಷ್ಟು ಬರೆದು, ಕಂಸ ಮುಚ್ಚಿ, ಮತ್ತೆ ಸಿಮೆಂಟಿಗೆ ಹೋಗಿಬಿಟ್ಟಿದ್ದೀರಿ!

ಅಕ್ಕಾ, ನಿಮ್ಮ ಪತ್ರ ಇರುವುದೇ ಆ ಕಂಸದೊಳಗೆ. ಗ್ರಾನೈಟ್ ಕಟ್ಟೆ ಆಗಿದೆ. ಹಿತ್ತಲಿನ ನೆಲಕ್ಕೆ ಹಾಸುವ ಫರ್ಸಿ ಕಲ್ಲೂ ಮುಕ್ಕಾಲು ಭಾಗ ಆಗಿದೆ. ಹಾಕುವಾಗ ನೀವು ನೋಡುತ್ತಿದ್ದಿರಿ, ನಿಲ್ಲಿಸು ಅನ್ನಲಿಲ್ಲ. ಇದು ನಿಮ್ಮ 4,20,000ದ ಮಾತಿನಲ್ಲಿ ಇರಲಿಲ್ಲ. ಪುಕ್ಕಟೆ ಮಾಡಿಕೊಡುವ ಮನಸ್ಸಿಲ್ಲದೆ ಒಬ್ಬರು ನಮಗಾಗಿ ಕೆಲಸ ಮಾಡಿ, ಅದರ ಲಾಭ ನಾವು ಪಡೆದರೆ ಬೆಲೆ ಕೊಡಬೇಕು ಎಂದು ಅದೇ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ. ಕಾಯ್ದೆಯಿಂದ ಶುರು ಮಾಡಿದರೆ ಅದು ಎರಡೂ ಕಡೆ ಕೊಯ್ಯುತ್ತದೆ.

ಗುತ್ತಿಗೆದಾರನನ್ನು ನಿಮ್ಮ ಮನೆಗೆ ತಂದವರು ಭಾವನವರು. ಮುಂದೆಯೂ ಅವರಿಂದ ಅವನಿಗೆ ಕೆಲಸ ಸಿಗಬೇಕು. 'ನಿಮ್ಮ ಭಾವನವರು ಹೇಳಿದ್ದಕ್ಕೆ ಹಾಕಿದೆ' ಎನ್ನಲು ಅವನಿಗೆ ಬಾಯಿ ಬಾರದು. ನಿಮ್ಮ ಯಜಮಾನರಿಗೆ ಅಣ್ಣನ ಹೆಸರು ಎತ್ತಲಾಗದು. ನೀವು ಕಂಸ ಹಾಕಿದಿರಿ. ಒಬ್ಬರ ಮರ್ಯಾದೆ ಉಳಿಸಲು ಮೂರು ಜನ ಸಿಮೆಂಟಿನ ಮೇಲೆ ಗೂಬೆ ಕೂರಿಸಿದ್ದೀರಿ. ಅತ್ತ ಅವರು ಆರಾಮಾಗಿ ಪೇಪರ್ ಓದುತ್ತಾ ಕೂತಿರಬೇಕು. ರೊಕ್ಕದ ಚಿಂತಿ ಬ್ಯಾಡ ಎಂಬ ಮಾತು ಯಾವಾಗಲೂ ತನ್ನ ರೊಕ್ಕ ಅಲ್ಲದವರ ಬಾಯಲ್ಲೇ ಬರುತ್ತದೆ ನೋಡಿ.

ನಿಮ್ಮದೂ ಒಂದು ತಪ್ಪಿದೆ. ಈ ಅಂಕಣ ಓದುವವರಿಗೆ ನನ್ನ ಹುಚ್ಚು ಗೊತ್ತು. ರೊಕ್ಕ ಕೆಲಸದ ಹಿಂದೆ ನಡೆಯಬೇಕು, ಮುಂದೆ ಓಡಬಾರದು. ಬಚ್ಚಲು ಅರ್ಧ ಆಗಿರುವಾಗ 3,60,000 ಕೊಟ್ಟಿದ್ದೀರಿ. 'ಭಾವನವರು ತಂದ ಮನುಷ್ಯ, ಇಲ್ಲ ಅನ್ನುವುದು ಹೇಗೆ' ಅಂತ ಬರೆದಿದ್ದೀರಿ. ಬೈಯುವ ಯೋಗ್ಯತೆ ನನಗೂ ಇಲ್ಲ. ಹುಬ್ಬಳ್ಳಿಯಲ್ಲಿ ಇದ್ದಾಗ ನಾನೂ ಒಂದು ಮೇ ತಿಂಗಳು ಸೋರುವ ಛಾವಣಿಗೆ ಪೂರ್ತಿ ಹಣ ಮೊದಲೇ ಎಣಿಸಿಕೊಟ್ಟಿದ್ದೆ. ಆ ಮಳೆಗಾಲವೆಲ್ಲ ಹಾಲ್‌ನಲ್ಲಿ ಬಕೆಟ್ ಇಟ್ಟುಕೊಂಡು ಕೂತೆ. ಬಂದವರೆಲ್ಲ ಬಕೆಟ್ ದಾಟಿಯೇ ಕುರ್ಚಿಗೆ ಹೋಗಬೇಕಿತ್ತು.

ಕೋರ್ಟು ಈಗ ಬೇಡ. ಧಾರವಾಡದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದ ಅವಕಾಶವೂ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಆಯೋಗದ ತೀರ್ಪು ಕುಬಸದೊಳಗೆ ಬರುವುದಿಲ್ಲ. ಬಾಣಂತಿಗೆ ಬಿಸಿನೀರಿನ ಬಚ್ಚಲು ಬೇಕು.

ಹಾಗಾಗಿ ಮಾಡಬೇಕಾದದ್ದು ಒಂದೇ. ಈ ರವಿವಾರ ಬೆಳಿಗ್ಗೆ ಗುತ್ತಿಗೆದಾರನನ್ನೂ ಭಾವನವರನ್ನೂ ಒಂದೇ ಹೊತ್ತಿಗೆ ಮನೆಗೆ ಕರೆಸಿ. ಟೇಪ್ ತರಲು ಹೇಳಿ. ಗ್ರಾನೈಟ್ ಎಷ್ಟು ಚದರಡಿ, ಫರ್ಸಿ ಎಷ್ಟು, ಎಲ್ಲರ ಎದುರು ಅಳೆಯಲಿ. ಗ್ರಾನೈಟ್ ಹಣದಲ್ಲಿ ಕಡಪಾ ಕಲ್ಲಿನ ಹಣ ಕಳೆಯಬೇಕು, ಇದನ್ನು ಮರೆಯಬೇಡಿ. ಅದು ಮೊದಲಿನ ಮಾತಿನಲ್ಲೇ ಸೇರಿತ್ತು. ಉಳಿದದ್ದು ಎಷ್ಟಾಗುತ್ತದೋ ಅದನ್ನು ಚೀಟಿಯಲ್ಲಿ ಬರೆಯಿರಿ. ಸಿಮೆಂಟಿಗೆ ಒಂದು ಪೈಸೆಯೂ ಬೇಡ. ಮೊದಲಿನ ಮಾತಿನ ಉಳಿದ 60,000ವನ್ನೂ ಬಚ್ಚಲು ಮುಗಿದಾಗ ಇಷ್ಟು, ನಲ್ಲಿ ಬಂದಾಗ ಇಷ್ಟು ಅಂತ ಅದೇ ಚೀಟಿಯಲ್ಲಿ ಹಾಕಿ, ಎಲ್ಲರ ಸಹಿ ತೆಗೆದುಕೊಳ್ಳಿ. ಆಮೇಲೆ ಆ ಚೀಟಿಯನ್ನು ಭಾವನವರ ಕೈಗೆ ಕೊಟ್ಟು ಸುಮ್ಮನಿರಿ. ಜಾಸ್ತಿ ಹಣ ಅವರು ಕೊಡುತ್ತಾರೋ, ಅರ್ಧ ಕೊಡುತ್ತಾರೋ, ಕೆಮ್ಮಿ ಕಿಟಕಿಯ ಕಡೆ ನೋಡುತ್ತಾರೋ, ನೋಡೋಣ. ಅವರು ಕೊಡದಿದ್ದರೆ ಅಳತೆಗೆ ಬಂದಷ್ಟನ್ನು ನೀವು ಕೊಡಬೇಕಾಗುತ್ತದೆ. ಆದರೆ ಯಾರ ಮಾತಿಗೆ ಕೊಟ್ಟಿರಿ ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತದೆ.

ಭಾವನವರಿಗೆ ಫೋನ್ ಮಾಡುವುದು ನೀವಲ್ಲ, ನಿಮ್ಮ ಯಜಮಾನರು. ಅವರು ಫೋನ್ ಹಚ್ಚುವವರೆಗೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಬಂದವರಿಗೆ ಚಹಾ ಕೊಡಿ. ಪಡಸಾಲೆಯಲ್ಲೇ, ಆ ಒಲೆಯ ಪಕ್ಕದಲ್ಲೇ ಕೂರಿಸಿ ಕೊಡಿ.